ಬಿಳಿ ಅಂದ್ರ ಯಾವ ಬಿಳಿ?

ಮಿಶ್ರಿಕೋಟಿಯಲ್ಲಿ ಈ ಬೆಳಿಗ್ಗೆ ರಸ್ತೆ ಬದಿಗೆ ಒಂದು ಹಳೆಯ ಅಂಬಾಸಡರ್ ನಿಂತಿತ್ತು. ಕಾರೆಲ್ಲ ಮಾಗಿದ ಕೆನೆ ಬಣ್ಣ. ಮುಂದಿನ ಎಡ ಬಾಗಿಲು ಮಾತ್ರ ನೀಲಿ ಹಾಕಿ ಒಗೆದ ಧೋತರದ ಬಿಳುಪು. ಪಕ್ಕದಲ್ಲೇ ಯಜಮಾನರಿಗೂ ಪೇಂಟಿಂಗ್ ಮಿಸ್ತ್ರಿಗೂ ಮಾತು ನಡೆದಿತ್ತು.

“ಬಿಳಿ ಅಂದ್ರಿ, ಬಿಳಿ ಹೊಡದೇನ್ರಿ ಸಾಹೇಬ್ರ. ಆರ್‌ಸಿ ಬುಕ್ಕಿನ್ಯಾಗೂ ಬಿಳಿ ಅಂತನ ಐತಲ್ರಿ.”

“ಐತೋ ಮಾರಾಯಾ. ಆದ್ರ ಇದು ಆ ಬಿಳಿ ಅಲ್ಲಲ್ಲೋ!”

ಅಷ್ಟು ಚಂದದ ಮೈಕಟ್ಟಿನ ಗಾಡಿಗೆ ಒಂದು ಬಾಗಿಲು ಹೊರಗಿನದಾಗಿ ಕಂಡದ್ದು ಮನಸ್ಸಿಗೆ ಕಿರಿಕಿರಿಯೇ. ತುಕ್ಕು ಕೆರೆಯುವುದು, ಪುಟ್ಟಿ ತುಂಬುವುದು, ಪ್ರೈಮರ್ ಹೊಡೆಯುವುದು ನಮ್ಮ ಗ್ಯಾರೇಜುಗಳಲ್ಲಿ ಎಲ್ಲರಿಗೂ ಬರುವ ಕೆಲಸ. ಅದರ ಮಾತು ಬೇಡ. ಕೈ ತಪ್ಪುವುದು ಬಣ್ಣದ ಹೊಂದಿಕೆಯಲ್ಲಿ, ಅದರಲ್ಲೂ ಬಿಳಿಯಲ್ಲಿ. ಕೆಂಪೋ ಹಸಿರೋ ಕೊಂಚ ಆಚೀಚೆಯಾದರೆ ಕಣ್ಣು ತಾಳಿಕೊಳ್ಳುತ್ತದೆ. ಎರಡು ಬಿಳಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಹಳದಿಯಾಗಿಯೂ ಇನ್ನೊಂದು ನೀಲಿಯಾಗಿಯೂ ಕೂಡಲೇ ಕಾಣಿಸುತ್ತದೆ. ಡಬ್ಬಿಯಲ್ಲಿ ಸಿಗುವ ಹೊಸ ಬಿಳಿ ಟೈಟಾನಿಯಂ ಡೈಆಕ್ಸೈಡಿನದು, ಕಣ್ಣು ಕೋರೈಸುವಂಥದ್ದು. ಹಳೆಯ ಬಿಳಿಗೆ ಹತ್ತಿರ ಬರಬೇಕಾದರೆ ಅದಕ್ಕೆ ಹನಿಹನಿಯಾಗಿ ಮಣ್ಣುಹಳದಿ ಸೇರಬೇಕು, ಚೂರೇ ಚೂರು ಕಪ್ಪೂ ಸೇರಬೇಕು. ಬಿಳಿಗೆ ಕಪ್ಪು ಬೆರೆಸುವುದೆಂದರೆ ಯಜಮಾನರು ಗಾಬರಿಯಾಗುತ್ತಾರೆ. ಆದರೂ ಬೆರೆಸಬೇಕು.

ಕಾರಿನ ಮೂಲ ಬಣ್ಣ ಎಲ್ಲಿರುತ್ತದೆ? ಬಿಸಿಲು ಬೀಳದ ಕಡೆ ಎಂದು ಬಲ್ಲವರು ಹೇಳುತ್ತಾರೆ: ಡಿಕ್ಕಿಯ ಮ್ಯಾಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಲಾಂಛನ ಬಿಚ್ಚಿದ ಜಾಗದಲ್ಲಿ. ಬಿಸಿಲಿಗೆ ಬೇಗ ಸೋಲುವ ಕೆಂಪಿನಂಥ ಬಣ್ಣಗಳಿಗೆ ಈ ಮಾತು ಸರಿ. ಬಿಳಿಯ ನಡೆ ಬೇರೆ. ಹಳೆಯ ಅಲ್ಕಿಡ್ ಎನಾಮಲ್‌ನಲ್ಲಿ ಎಣ್ಣೆಯ ಅಂಶವಿದೆ. ಅದು ಕತ್ತಲಲ್ಲಿಯೇ ಹೆಚ್ಚು ಹಳದಿಯಾಗುತ್ತದೆ. ಮ್ಯಾಟಿನ ಕೆಳಗಿನ ಕೆನೆಯನ್ನೇ ಕಾರ್ಖಾನೆಯ ಬಣ್ಣವೆಂದು ನಂಬಿದರೆ ಅಲ್ಲೂ ಮೋಸ. ಬಿಚ್ಚಿ ತೆಗೆಯಬಹುದಾದ ಒಂದು ಸಣ್ಣ ತಗಡನ್ನು ಕೆಲವು ದಿನ ಬಿಸಿಲಿಗಿಟ್ಟರೆ ಆ ಹಳದಿ ಒಂದಿಷ್ಟು ಇಳಿಯುತ್ತದೆ. ನೋಡಬೇಕಾದದ್ದು ಅದರ ಮೇಲಿನ ಬಣ್ಣವನ್ನು. ಇತ್ತ ಹೊರಮೈಯ ಬಣ್ಣ ಗಾಳಿ ಬಿಸಿಲಿಗೆ ಮಂಕಾಗಿ ಪುಡಿಗಟ್ಟಿರುತ್ತದೆ. ಮೇಲಾಗಿ ಕಲಘಟಗಿ ಸೀಮೆಯ ಕೆಂಪು ಧೂಳು ಬೇರೆ. ಪಾಲಿಶ್ ಹಚ್ಚಿ ಆ ಮೇಲ್ಪದರ ತೆಗೆಯದೆ ಹೋಲಿಸಿದರೆ ಅಳತೆ ಮಾಡಿದ್ದು ಕೊಳೆಯನ್ನೇ.

ಇಷ್ಟಾದ ಮೇಲೂ ಒಂದು ನಿರ್ಧಾರ ಉಳಿಯುತ್ತದೆ. ಯಾವ ವಯಸ್ಸಿನ ಬಣ್ಣ ಬೇಕು? ಇಡೀ ಕಾರಿಗೆ ಹೊಡೆಯುವುದಾದರೆ ಉತ್ತರಪಾರಾದ ಅಂಬಾಸಡರ್ ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣ ಹುಡುಕಬೇಕು. ಒಂದೇ ಬಾಗಿಲಿಗಾದರೆ ಪಕ್ಕದ ಬಾಗಿಲಿನ ಇಂದಿನ ಬಣ್ಣವನ್ನೇ ಹಿಡಿಯಬೇಕು. ಅಲ್ಲಿ ಕಾರ್ಖಾನೆಯ ಸಂಕೇತ ಸಂಖ್ಯೆ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಈ ಎರಡು ಕೆಲಸಗಳನ್ನು ಒಂದೇ ಎಂದು ತಿಳಿದುದರಿಂದಲೇ ಎಷ್ಟೋ ಒಳ್ಳೆಯ ಕಾರುಗಳ ಮೈ ತೇಪೆಯಾಗಿದೆ.

ಮತ್ತೆ, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಕೂಡಿಸಲೇಬಾರದು. ಒಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಅಂಗಳಕ್ಕೆ ತಂದರೆ ಬೇರೆಯಾಗುತ್ತವೆ; ಬೇರೆ ಬೇರೆ ಪುಡಿಗಳಿಂದಾದ ಬಣ್ಣಗಳು ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. ಸೀಸದ ಕ್ರೋಮೇಟಿನಿಂದಾಗುತ್ತಿದ್ದ ಹಳೆಯ ಹಳದಿಯನ್ನು ಇಂದಿನ ಸೀಸವಿಲ್ಲದ ಪುಡಿಗಳಿಂದ ಕೂಡಿಸಹೊರಟರೆ ಈ ತೊಡಕು ಎದುರಾಗುತ್ತದೆ. ಬಣ್ಣ ಅಳೆಯುವ ಯಂತ್ರ ಈಗ ಬಂದಿದೆ, ಒಳ್ಳೆಯದೇ. ಆದರೂ ಒಂದು ತಗಡಿನ ತುಂಡಿಗೆ ಹೊಡೆದು, ಪೂರ್ತಿ ಒಣಗಿಸಿ, ಮೋಡವಿಲ್ಲದ ಹಗಲಿನಲ್ಲಿ ನೆರಳಿಗೆ ಹಿಡಿದು ಕಾರಿನ ಪಕ್ಕ ನೋಡುವ ಕಣ್ಣಿಗೆ ಸಾಟಿಯಿಲ್ಲ.

ಒಂದು ಕಾಲಕ್ಕೆ ಕಾರ್ಖಾನೆಗಳಿಗೇ ಬಣ್ಣ ದೊಡ್ಡ ತಲೆನೋವಾಗಿತ್ತು. ಪದರ ಪದರವಾಗಿ ವಾರ್ನಿಶ್ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪಿನಲ್ಲಿ ಮಾತ್ರ ಬಂತು. ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ 1920ರ ದಶಕದ ನಡುವೆ ಬಂದ ಮೇಲೆ ಕಾರುಗಳಿಗೆ ಬಗೆಬಗೆಯ ಬಣ್ಣಗಳು ಸಲೀಸಾದವು. ಶ್ರೀರಂಗಪಟ್ಟಣದ ಹತ್ತಿರ 2023ರಲ್ಲಿ ತೆರೆದ ಧರ್ಮಸ್ಥಳದವರ ‘ಪಯಣ’ ಹಳೆಯ ಕಾರುಗಳ ಸಂಗ್ರಹಾಲಯಕ್ಕೆ ಹೋದವರು ಕಾರಿನ ಹೆಸರಿನ ಜೊತೆಗೆ ಬಣ್ಣವನ್ನೂ ಒಂದು ಗಳಿಗೆ ನೋಡಿ ಬರಬೇಕು. ಹಳೆಯ ಗಾಡಿಗಳಿಗೆ ಈಗ ಕಾನೂನಿನ ಮಾನವೂ ಸಿಕ್ಕಿದೆ: ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿರುವ ವಾಹನಗಳಿಗೆ 2021ರ ಕೇಂದ್ರ ನಿಯಮ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಕೊಟ್ಟಿದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್‌ಗಳ ಪೈಕಿ ಹಿರಿಯವು ಈಗಾಗಲೇ ಆ ವಯಸ್ಸು ಮುಟ್ಟಿವೆ.

ಮಿಶ್ರಿಕೋಟಿ ಇರುವುದೇ ತೊಟ್ಟಿಲಿಗೆ ಹೆಸರಾದ ಕಲಘಟಗಿ ತಾಲ್ಲೂಕಿನಲ್ಲಿ. ಹಾಗಾಗಿ ಇಲ್ಲಿ ಹಳೆಯ ಬಣ್ಣದ ಮಾತು ತೆಗೆದರೆ ಅದು ತೊಟ್ಟಿಲಿನ ಹತ್ತಿರ ಹೋಗಲೇಬೇಕು. ಕಲಘಟಗಿಯ ತೊಟ್ಟಿಲು ಸಾಗವಾನಿಯದು, ಅರಗಿನ ಬಣ್ಣದ್ದು. ಮೈತುಂಬ ರಾಮಾಯಣ, ಮಹಾಭಾರತ, ಕೃಷ್ಣಲೀಲೆ. ಒಂದೇ ತೊಟ್ಟಿಲಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಆಡಿದ ಮನೆಗಳಿವೆ. ಅದನ್ನು ಹೊಸದು ಮಾಡುವ ಆಸೆಯಿಂದ ಯಾರಾದರೂ ಎನಾಮಲ್ ಡಬ್ಬಿ ತಂದರೆ ಕಾರಿಗಿಂತ ದೊಡ್ಡ ಅನಾಹುತ. ಕಾರಿನ ಬಣ್ಣದ ಕೆಳಗೆ ತಗಡಿದೆ, ತಪ್ಪಾದರೆ ಉಜ್ಜಿ ತೆಗೆದು ಮತ್ತೆ ಹೊಡೆಯಬಹುದು. ತೊಟ್ಟಿಲಲ್ಲಿ ಬಣ್ಣವೇ ಚಿತ್ರ. ಕೃಷ್ಣನ ಕೊಳಲಿನ ಮೇಲೆ ಒಂದು ಕೈ ಬಣ್ಣ ಬಿದ್ದರೆ ಚಿತ್ರಗಾರ ಎಳೆದ ಗೆರೆ ಹೋಯಿತು. ಆ ಗೆರೆ ಎಳೆಯಬಲ್ಲ ಮನೆತನಗಳು ಕಲಘಟಗಿಯಲ್ಲಿ ಈಗ ಕೆಲವೇ ಉಳಿದಿವೆ. ಒಣ ಅರಿವೆಯಿಂದ ಮೆಲ್ಲಗೆ ಒರೆಸಿ, ತೇವ ತಾಕದಂತೆ ಇಟ್ಟು, ಅಡ್ಡಪಟ್ಟಿ ಸಡಿಲಾಗಿದ್ದರೆ ಅದನ್ನಷ್ಟೇ ಅವರ ಹತ್ತಿರ ಒಯ್ಯಬೇಕು.