ನಿಯಮ ಹೋಯ್ತು, ಮಾಸ್ಕ್ ಉಳೀತು

2023ರ ಮಾರ್ಚ್ 13, ಸೋಮವಾರ. ಮಾಸ್ಕ್ ಹಾಕೋದು ಬಿಡೋದು ಇನ್ನು ಅವರವರ ತೀರ್ಮಾನ ಅಂತ ಜಪಾನ್ ಸರ್ಕಾರ ಹೇಳಿದ ದಿನ. ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ ಹೋಗುವಾಗ ಮತ್ತು ಕಿಕ್ಕಿರಿದ ರೈಲಿನಲ್ಲಿ ಹಾಕಿಕೊಂಡರೆ ಒಳ್ಳೆಯದು ಅನ್ನೋ ಸಲಹೆಯಷ್ಟೇ ಉಳಿದಿತ್ತು. ಕಂಪನಿ ಪ್ರಾಜೆಕ್ಟಿಗೆ ಅಂತ ನಾನು ಟೋಕಿಯೋಗೆ ಬಂದು ಆಗ ಒಂದು ತಿಂಗಳಾಗಿತ್ತು. ಬೆಳಗ್ಗೆ ಎಂಟೂವರೆಗೆ ಯಮನೋತೆ ಲೈನಿನ ಹಸಿರು ಪಟ್ಟಿಯ ರೈಲು ಹತ್ತಿ, ನಿಂತಲ್ಲೇ ಎಣಿಸೋಕೆ ಶುರು ಮಾಡಿದೆ. ನನ್ನ ಕಣ್ಣಳತೆಗೆ ಸಿಕ್ಕ ಐವತ್ತು ಅರವತ್ತು ಜನರಲ್ಲಿ ಮಾಸ್ಕ್ ಇಲ್ಲದವರು ಮೂರೇ ಜನ. ಅದರಲ್ಲಿ ಇಬ್ಬರು ನನ್ನ ಹಾಗೇ ಹೊರಗಿನವರಂತೆ ಕಂಡರು.

ಮರುದಿನವೂ ಅಷ್ಟೇ. ಮರುವಾರವೂ ಹೆಚ್ಚು ಕಮ್ಮಿ ಅಷ್ಟೇ.

ನಮ್ಮಲ್ಲಿ ಏನಾಯ್ತು ಅಂತ ನಿಮಗೆ ನೆನಪಿರಬೇಕು. 2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ಇದ್ದ ನಿರ್ಬಂಧಗಳು ಮುಗಿದವು. ಮಾಸ್ಕ್ ಹಾಕಿ ಅನ್ನೋ ಸಲಹೆ ಕಾಗದದಲ್ಲಿ ಉಳೀತು, ಮಾಸ್ಕ್ ಮಾತ್ರ ಅದಕ್ಕೂ ಮೊದಲೇ ಗಲ್ಲಕ್ಕೆ ಇಳಿದು, ಆಮೇಲೆ ಬೈಕಿನ ಕನ್ನಡಿಗೆ ನೇತುಬಿದ್ದು, ಕೊನೆಗೆ ಕಾಣೆಯಾಗಿತ್ತು. ಬೆಂಗಳೂರಿನಲ್ಲಿ ಅದನ್ನು ಹಾಕಿಸಿದ್ದು ಮಾರ್ಷಲ್‌ಗಳು ಮತ್ತು 250 ರೂಪಾಯಿ ದಂಡ. ದಂಡ ಹೋಯ್ತು, ಅದರ ಹಿಂದೆಯೇ ಮಾಸ್ಕೂ ಹೋಯ್ತು. ಜಪಾನಿನಲ್ಲಿ ಸಾಮಾನ್ಯ ಜನರಿಗೆ ಮಾಸ್ಕ್ ಹಾಕಲಿಲ್ಲ ಅಂತ ದಂಡ ಹಾಕುವ ಕಾನೂನೇ ಇರಲಿಲ್ಲ. ಸರ್ಕಾರ ಕೇಳಿಕೊಂಡಿತ್ತು, ಜನ ಹಾಕಿಕೊಂಡಿದ್ದರು. ದಂಡವೇ ಇಲ್ಲದ ಕಡೆ, ನಿಯಮ ಮುಗೀತು ಅಂದರೆ ಮುಗಿಯೋದಾದರೂ ಏನು?

ಈ ಪ್ರಶ್ನೆ ನನಗೆ ಬರೀ ಕುತೂಹಲದ್ದಲ್ಲ. ಹಾಸನದಲ್ಲಿರುವ ನಮ್ಮಪ್ಪನಿಗೆ 2019ರಲ್ಲಿ ಕಿಡ್ನಿ ಕಸಿ ಆಯ್ತು. ಕಿಡ್ನಿ ಕೊಟ್ಟವಳು ಅಮ್ಮ. ಹೊಸ ಕಿಡ್ನಿಯನ್ನು ದೇಹ ಪರಕೀಯ ಅಂತ ತಿರಸ್ಕರಿಸಬಾರದು, ಅದಕ್ಕೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ದಿನಾ ನುಂಗಬೇಕು. ಇಂಥವರಿಗೆ ಲಸಿಕೆಯೂ ನಮ್ಮ ನಿಮ್ಮಷ್ಟು ಗಟ್ಟಿಯಾಗಿ ಕೆಲಸ ಮಾಡಲ್ಲ. ಹಾಗಾಗಿ ಅಪ್ಪ ಕೊರೋನಾಗೆ ಮೊದಲೂ ಮಾಸ್ಕ್ ಹಾಕುತ್ತಿದ್ದರು, ಆಮೇಲೂ ಹಾಕುತ್ತಾರೆ. 2020 ಮತ್ತು 2021ರಲ್ಲಿ ಮಾತ್ರ ಅವರು ಎಲ್ಲರಂತೆ ಇದ್ದರು. ಕಳೆದ ವರ್ಷ ನಮ್ಮ ಕಡೆಯದೊಂದು ಮದುವೆಗೆ ಹೋದಾಗ ಛತ್ರದ ಬಾಗಿಲಲ್ಲೇ ಸಂಬಂಧಿಕರೊಬ್ಬರು, "ಏನ್ ಭಾವ, ಕೊರೋನಾ ಹೋಗಿ ಯಾವ ಕಾಲ ಆಯ್ತು, ಇನ್ನೂ ಎತ್ತಿಗೆ ಕುಕ್ಕೆ ಹಾಕ್ದಂಗೆ ಹಾಕ್ಕೊಂಡಿದ್ದೀರಲ್ಲ!" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಆದರೆ ಅದರ ನಂತರ ಅವರು ಯಾವ ಮದುವೆಗೂ ಹೋಗಿಲ್ಲ. ಅಮ್ಮ ಒಬ್ಬಳೇ ಹೋಗಿ ಮುಯ್ಯಿ ಮಾಡಿ ಬರುತ್ತಾಳೆ.

ಅಭ್ಯಾಸಕ್ಕೆ ನೂರು ವರ್ಷ

ಟೋಕಿಯೋದಲ್ಲಿ ಯಾವುದೇ ಕಾಂಬಿನಿ, ಅಂದರೆ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಮೂಲೆಯಂಗಡಿ, ಒಳಗೆ ಹೋದರೂ ಛತ್ರಿ, ಕಾಲುಚೀಲದ ಪಕ್ಕ ಮಾಸ್ಕಿನ ಸಾಲು ಇರುತ್ತೆ. ದೊಡ್ಡ ಮುಖಕ್ಕೆ, ಸಣ್ಣ ಮುಖಕ್ಕೆ, ಮಕ್ಕಳಿಗೆ, ಕನ್ನಡಕ ಮಂಜಾಗದಂಥದ್ದು, ತಿಳಿ ಗುಲಾಬಿ, ಬೂದು. ಇದೆಲ್ಲ ಕೊರೋನಾ ತಂದದ್ದಲ್ಲ.

1918ರಿಂದ 1920ರವರೆಗೆ ಜಗತ್ತನ್ನು ಅಲ್ಲಾಡಿಸಿದ ಇನ್‌ಫ್ಲುಯೆಂಜಾ ಜಪಾನಿಗೂ ಬಂದಿತ್ತು. ಆಗ ಅಲ್ಲಿನ ಗೃಹ ಇಲಾಖೆಯ ಆರೋಗ್ಯ ವಿಭಾಗ, ಮಾಸ್ಕ್ ಹಾಕಿ, ಬಾಯಿ ಮುಕ್ಕಳಿಸಿ ಅಂತ ಬಣ್ಣಬಣ್ಣದ ಭಿತ್ತಿಪತ್ರಗಳನ್ನು ಹಂಚಿತ್ತು. ಟ್ರಾಮಿನಲ್ಲಿ ಕೂತ ಜನರ ಮಧ್ಯೆ ಒಬ್ಬ ಬಾಯಿ ತೆರೆದು ಕುಳಿತಿರುವ ಚಿತ್ರ ಅದರಲ್ಲೊಂದು. ನೂರು ವರ್ಷದ ಹಿಂದಿನ ಆ ಚಿತ್ರ ನೋಡಿದರೆ ನಮ್ಮ 2020 ನೆನಪಾಗುತ್ತೆ. ಅಲ್ಲಿಂದ ಮುಂದೆ ನೆಗಡಿಯಾದಾಗ ಮಾಸ್ಕ್ ಹಾಕೋದು ಅಲ್ಲಿ ನಿಧಾನವಾಗಿ ಮರ್ಯಾದೆಯ ಪ್ರಶ್ನೆಯಾಯ್ತು. ನನಗೆ ಬರದಿರಲಿ ಅನ್ನೋದಕ್ಕಿಂತ, ನನ್ನಿಂದ ನಿಮಗೆ ಬರದಿರಲಿ ಅನ್ನೋದಕ್ಕೆ. ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಬಂದರೆ ನಮಗೆ ಹೇಗನ್ನಿಸುತ್ತೋ, ಮಾಸ್ಕಿಲ್ಲದೆ ರೈಲಲ್ಲಿ ಕೆಮ್ಮಿದರೆ ಅವರಿಗೆ ಹಾಗೆ.

ಇನ್ನೊಂದು ಕಾರಣ ಹುಡುಕಿಕೊಂಡು ನಾನು ನಿಕ್ಕೋಗೆ ಹೋದೆ.

ನಿಕ್ಕೋದ ಮರಗಳು, ಮಂಗಗಳು

ಅಸಾಕುಸಾದಿಂದ ಟೋಬು ಕಂಪನಿಯ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ನಿಕ್ಕೋ. ಮಾರ್ಚ್ ಕೊನೆಯ ಶನಿವಾರ, ಬೆಟ್ಟದ ಮೇಲೆ ಇನ್ನೂ ಚಳಿ. ಸ್ಟೇಶನ್ನಿನಿಂದ ದೇವಾಲಯಗಳ ಕಡೆಗೆ ಏರುದಾರಿಯಲ್ಲಿ ನಡೆದರೆ ಕೆಂಪು ಬಣ್ಣದ ಶಿಂಕ್ಯೋ ಸೇತುವೆ ಸಿಗುತ್ತೆ. ಅದನ್ನು ದಾಟಿದ ಮೇಲೆ ಕಣ್ಣು ಮೇಲೆತ್ತಿದಷ್ಟೂ ಮರ. ಇವು ಸುಗಿ ಮರಗಳು, ಜಪಾನಿನ ಸೀಡರ್. ಕಾಂಡ ಕಂಬದ ಹಾಗೆ ನೇರ, ತೊಗಟೆ ಕೆಂಪು-ಕಂದು. ನಮ್ಮ ಮಲೆನಾಡಿನ ಸಿಲ್ವರ್ ಓಕ್ ಸಾಲಿನಲ್ಲಿ ನಿಂತಂತೆ ಅನ್ನಿಸಿದರೂ ಎತ್ತರ ಮತ್ತು ವಯಸ್ಸು ಬೇರೆಯದೇ ಲೆಕ್ಕ. ನಿಕ್ಕೋಗೆ ಬರುವ ಹಳೆಯ ರಸ್ತೆಗಳ ಎರಡೂ ಬದಿ 17ನೇ ಶತಮಾನದಲ್ಲಿ ನೆಟ್ಟ ಸುಗಿ ಸಾಲು ಇವತ್ತಿಗೂ ಸುಮಾರು 35 ಕಿಲೋಮೀಟರ್ ಉದ್ದಕ್ಕೆ ನಿಂತಿದೆ.

ಈ ಮರದ ಹೂಪುಡಿಯೇ ಜಪಾನಿನ ವಸಂತದ ಶತ್ರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಾಳಿಗೆ ಹಳದಿ ಹೊಗೆಯ ಹಾಗೆ ಏಳುತ್ತೆ. ಕಣ್ಣು ಉರಿ, ಮೂಗು ಸೋರಿಕೆ, ಎಡೆಬಿಡದ ಸೀನು. ಇದಕ್ಕೆ 'ಕಾಫುನ್‌ಶೋ' ಅಂತಾರೆ. ಸುಗಿ ಹೂಪುಡಿಯಿಂದ ಈ ಕಾಯಿಲೆ ಬರುತ್ತೆ ಅಂತ ವೈದ್ಯರು ಮೊದಲು ವರದಿ ಮಾಡಿದ್ದು 1964ರಲ್ಲಿ, ಅದೂ ಇದೇ ನಿಕ್ಕೋದಿಂದ. ಯುದ್ಧಕಾಲದಲ್ಲಿ ಕಡಿದು ಬೋಳಾದ ಬೆಟ್ಟಗಳ ಮೇಲೆ, ಮನೆ ಕಟ್ಟಲು ಮರ ಬೇಕು ಅಂತ ಸರ್ಕಾರ ದೇಶದ ತುಂಬ ಸುಗಿ ನೆಡಿಸಿತು. ಆಮೇಲೆ ಹೊರದೇಶದ ಮರ ಅಗ್ಗವಾಗಿ ಬಂತು, ಇವನ್ನು ಕಡಿಯುವವರಿಲ್ಲದೆ ಹೋಯ್ತು. ಬೆಳೆದು ನಿಂತ ಮರಗಳು ಪ್ರತಿ ವರ್ಷ ಹೂಪುಡಿ ಸುರಿಸುತ್ತಿವೆ. ಇವತ್ತು ಅಲ್ಲಿ ಹತ್ತರಲ್ಲಿ ನಾಲ್ಕು ಜನರಿಗೆ ಈ ತೊಂದರೆ ಇದೆ ಅಂತ ಲೆಕ್ಕ. ಟಿವಿಯಲ್ಲಿ ಮಳೆಯ ಮುನ್ಸೂಚನೆಯ ಜೊತೆಗೇ ಹೂಪುಡಿಯ ಮುನ್ಸೂಚನೆ ಬರುತ್ತೆ. ಮಾರ್ಚ್ 13ಕ್ಕೆ ನಿಯಮ ಸಡಿಲಿಸಿದರೆ ಯಾರು ತಾನೇ ಮಾಸ್ಕ್ ತೆಗೀತಾರೆ? ಅದು ಹೂಪುಡಿ ಕಾಟದ ನಟ್ಟನಡು ಕಾಲ.

ತೋಶೋಗು ದೇವಾಲಯದ ಕುದುರೆ ಲಾಯದ ಮೇಲೆ ಆ ಪ್ರಸಿದ್ಧ ಮೂರು ಮಂಗಗಳ ಕೆತ್ತನೆ ಇದೆ. ಗಾಂಧೀಜಿಯ ಮಂಗಗಳು ಅಂತ ನಾವು ಶಾಲೆಯಲ್ಲಿ ಕಲಿತ ಅವೇ. ಎಂಟು ಫಲಕಗಳಲ್ಲಿ ಹದಿನಾರು ಮಂಗಗಳ ಮೂಲಕ ಮನುಷ್ಯನ ಬದುಕಿನ ಕಥೆ ಹೇಳಿದ್ದಾರೆ. ಬಾಯಿ, ಕಿವಿ, ಕಣ್ಣು ಮುಚ್ಚಿಕೊಂಡಿರುವ ಈ ಮೂರು ಬಾಲ್ಯದ ಭಾಗ. ಕೆಳಗೆ ಫೋಟೋಗೆ ಸಾಲುಗಟ್ಟಿದವರಲ್ಲಿ ಬಹುತೇಕರು ಬಾಯಿ ಮುಚ್ಚಿದ ಮಂಗನ ಕಡೆಯವರೇ. ಫೋಟೋ ಕ್ಷಣಕ್ಕೆ ಮಾಸ್ಕ್ ಕೆಳಗಿಳಿಸಿ, ಬೆರಳೆರಡು ಎತ್ತಿ, ಮತ್ತೆ ಮೇಲಕ್ಕೆ.

ಮುಖದ ಒಳಉಡುಪು

ಹಾಗಂತ ಎಲ್ಲ ಚೆಂದ ಅಂತ ಹೇಳಲಾರೆ. ನಮ್ಮ ಟೀಮಿನ ಆರು ಜನರ ಪೂರ್ತಿ ಮುಖ ನಾನು ನೋಡಿದ್ದು ಒಟ್ಟಿಗೆ ಊಟಕ್ಕೆ ಹೋದಾಗ ಮಾತ್ರ. ಕಣ್ಣು ನೋಡಿ ನಾನು ಕಲ್ಪಿಸಿಕೊಂಡ ಮುಖಕ್ಕೂ ನಿಜದ ಮುಖಕ್ಕೂ ಸಂಬಂಧವೇ ಇರಲಿಲ್ಲ. ಮೂರು ವರ್ಷದಲ್ಲಿ ಮಾಸ್ಕಿಗೆ ಅಲ್ಲಿ 'ಕಾವೊ ಪಾನ್ತ್ಸು' ಅಂತ ಅಡ್ಡಹೆಸರು ಬಂದಿದೆ. ಮುಖದ ಚಡ್ಡಿ ಅಂತ ಅರ್ಥ. ಅದನ್ನು ನಾಲ್ಕು ಜನರ ಎದುರು ತೆಗೆಯೋಕೆ ನಾಚಿಕೆ! ಹದಿಹರೆಯದ ಹುಡುಗ ಹುಡುಗಿಯರಲ್ಲಿ ಇದು ಜಾಸ್ತಿ. ನಗೋದನ್ನು ಹೇಳಿಕೊಡುವ ತರಗತಿಗಳು ಸುದ್ದಿಯಾದದ್ದೂ 2023ರಲ್ಲೇ.

ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ, ನೀವ್ಯಾಕೆ ಇನ್ನೂ ತೆಗೆದಿಲ್ಲ ಅಂತ. ಸ್ವಲ್ಪ ಹೊತ್ತು ಯೋಚಿಸಿ, "ಎಲ್ಲರೂ ತೆಗೆದ ಮೇಲೆ ತೆಗೀತೀನಿ" ಅಂದರು. ಎಲ್ಲರೂ ಹಾಗೇ ಅಂದರೆ? ನಮ್ಮ ಭಾಷೆಯಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ. ಪ್ರತಿ ಪ್ರೋಸೆಸ್ಸೂ ಇನ್ನೊಂದು ಮುಂದೆ ಹೋಗಲಿ ಅಂತ ಕಾಯುತ್ತೆ. ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುವ ಕಿವುಡರಿಗೆ, ಮಾತು ಕಲಿಯುತ್ತಿರುವ ಪುಟ್ಟ ಮಕ್ಕಳಿಗೆ ಈ ಕಾಯುವಿಕೆ ತುಟ್ಟಿಯಾದದ್ದು. ಶಾಲೆಗಳಲ್ಲಿ ಏಪ್ರಿಲ್ 1ರಿಂದ ಮಾಸ್ಕ್ ಕೇಳುವುದಿಲ್ಲ ಅಂತ ಆಯ್ತು, ಒಳ್ಳೆಯದಾಯ್ತು.

ಅಂದರೆ ಹಾಸನದ ಛತ್ರದಲ್ಲಿ ಅಪ್ಪನ ಮಾಸ್ಕ್ ತೆಗೆಸಲು ನೋಡಿದ್ದು, ಟೋಕಿಯೋದ ಆಫೀಸಿನಲ್ಲಿ ನನ್ನ ಸಹೋದ್ಯೋಗಿಯ ಮಾಸ್ಕ್ ತೆಗೆಯಲು ಬಿಡದೇ ಇದ್ದದ್ದು ಎರಡೂ ಒಂದೇ: ನಾಲ್ಕು ಜನ ಏನಂತಾರೋ ಅನ್ನೋ ಭಯ. ನಿಯಮ ತೆಗೆದರೂ ಆಯ್ಕೆ ತಾನಾಗಿ ಬರಲ್ಲ. ಹಾಕಿದವನನ್ನೂ, ಹಾಕದವನನ್ನೂ ಸುಮ್ಮನೆ ಬಿಟ್ಟಾಗ ಮಾತ್ರ ಅದು ನಿಜವಾದ ಆಯ್ಕೆ.

ಲೆಕ್ಕ ಏನು ಹೇಳುತ್ತೆ?

2020ರ ಫೆಬ್ರುವರಿಯಲ್ಲಿ ಯೊಕೊಹಾಮಾ ಬಂದರಿನಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗು ನೆನಪಿದೆಯಾ? ಸುಮಾರು 3,700 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು. ಆ ಹೊತ್ತಿನ ಅನುಭವದಿಂದ ಜಪಾನಿನ ತಜ್ಞರು ಜನರಿಗೆ ಹೇಳಿದ್ದು ಒಂದೇ ಪದ: 'ಸಾನ್‌ಮಿತ್ಸು'. ಮುಚ್ಚಿದ ಜಾಗ, ಜನಜಂಗುಳಿ, ಹತ್ತಿರದ ಮಾತು, ಈ ಮೂರೂ ಸೇರಿದ ಕಡೆ ಹುಷಾರು. ಕೋಬೆಯಲ್ಲಿರುವ ಫುಗಾಕು ಸೂಪರ್ ಕಂಪ್ಯೂಟರ್ ಮೇಲೆ ಕೆಮ್ಮಿನ ಹನಿಗಳು ಹೇಗೆ ಹಾರುತ್ತವೆ ಅಂತ ಸಿಮ್ಯುಲೇಶನ್ ಮಾಡಿ ತೋರಿಸಿದರು. ಬಟ್ಟೆಯ ಮಾಸ್ಕಿಗಿಂತ ನೇಯದ ಬಟ್ಟೆಯ ಸರ್ಜಿಕಲ್ ಮಾಸ್ಕ್ ಹನಿಗಳನ್ನು ಹೆಚ್ಚು ತಡೆಯುತ್ತೆ ಅಂತ ಗೊತ್ತಾಯ್ತು.

ಇದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎರಡು. ಒಂದು, ಮಾಸ್ಕ್ ಎಲ್ಲ ಕಡೆ ಎಲ್ಲ ಹೊತ್ತು ಒಂದೇ ಬೆಲೆಯದ್ದಲ್ಲ. ಕಬ್ಬನ್ ಪಾರ್ಕಿನಲ್ಲಿ ಒಬ್ಬನೇ ನಡೆಯುವಾಗ ಅದರಿಂದ ಹೆಚ್ಚೇನೂ ಇಲ್ಲ, ಮೆಜೆಸ್ಟಿಕ್‌ನಲ್ಲಿ ಸಂಜೆ ಆರಕ್ಕೆ ಮೆಟ್ರೋ ಹತ್ತುವಾಗ ಇದೆ. ಎರಡು, ಹನಿಯನ್ನು ಹುಟ್ಟಿದ ಕಡೆಯೇ ಹಿಡಿಯೋದು ಸುಲಭ. ಅಪ್ಪ ಎನ್95 ಬಿಗಿಯಾಗಿ ಹಾಕಿಕೊಂಡರೆ ಅವರಿಗೆ ರಕ್ಷಣೆ ಇದೆ. ಕೆಮ್ಮುತ್ತಿರುವವನೂ ಒಂದು ಹತ್ತು ರೂಪಾಯಿಯ ಮಾಸ್ಕ್ ಹಾಕಿದರೆ ಅವರ ಪಾಲಿಗೆ ಭಾರ ಅರ್ಧ ಇಳಿದ ಹಾಗೆ.

ಬೆಂಗಳೂರಿಗೆ ಏನು ತರಬಹುದು

ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗೀತು ಅಂದಿತು. ಮೇ 8ಕ್ಕೆ ಜಪಾನ್ ಕೋವಿಡನ್ನು ಮಾಮೂಲಿ ಫ್ಲೂ ಇರುವ ವರ್ಗಕ್ಕೆ ಇಳಿಸಿತು. ಬಿಸಿಲು ಏರಿದ ಹಾಗೆ ಟೋಕಿಯೋದ ರೈಲುಗಳಲ್ಲೂ ಒಂದೊಂದೇ ಮೂಗು, ಬಾಯಿ ಕಾಣತೊಡಗಿದವು. ನಾನು ಮೇ ಕೊನೆಗೆ ವಾಪಸ್ ಹೊರಟಾಗ ನನ್ನ ಸಹೋದ್ಯೋಗಿ ಮಾಸ್ಕ್ ತೆಗೆದಿದ್ದರು. ಗಡ್ಡದಲ್ಲಿ ಒಂದು ಸಣ್ಣ ಮಚ್ಚೆ ಇತ್ತು.

ಜಪಾನಿನ ಅಭ್ಯಾಸವನ್ನು ಪೂರ್ತಿ ಎತ್ತಿಕೊಂಡು ಬರೋಕಾಗಲ್ಲ, ಬರಲೂಬಾರದು. ಆದರೆ ಮಾಸ್ಕ್ ಅಂದರೆ ಕೊರೋನಾ ಅನ್ನೋ ನಮ್ಮ ಸಮೀಕರಣ ಬಿಡಬಹುದು. ಬೆಂಗಳೂರಿಗೂ ಅದರದ್ದೇ ಹೂಪುಡಿ ಇದೆ. ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಎಷ್ಟು ಜನರ ಮೂಗು ಕಟ್ಟಿಸುತ್ತೆ ಅಂತ ಇಎನ್‌ಟಿ ಡಾಕ್ಟರನ್ನು ಕೇಳಿ. ಮೆಟ್ರೋ ಕಾಮಗಾರಿಯ ಧೂಳಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕ್ಷಯ ಇವತ್ತಿಗೂ ನಮ್ಮ ನಡುವೆ ಕೆಮ್ಮಿನಲ್ಲೇ ಹರಡುತ್ತಿದೆ.

ನಾನು ನನಗೆ ಹಾಕಿಕೊಂಡ ನಿಯಮ ಇಷ್ಟೇ. ಬ್ಯಾಗಿನಲ್ಲಿ ಎರಡು ಮಾಸ್ಕ್ ಸದಾ ಇರುತ್ತೆ. ನೆಗಡಿ ಕೆಮ್ಮು ಇದ್ದರೆ ಆಫೀಸಿಗೆ ಹೋಗಲ್ಲ, ಹೋಗಲೇಬೇಕಾದರೆ ಹಾಕ್ಕೊಂಡು ಹೋಗ್ತೀನಿ. ಆಸ್ಪತ್ರೆ, ಲ್ಯಾಬ್, ಔಷಧಿ ಅಂಗಡಿಯ ಕ್ಯೂನಲ್ಲಿ ಹಾಕ್ತೀನಿ. ಊರಿಗೆ ಹೋಗುವ ಹಿಂದಿನ ನಾಲ್ಕೈದು ದಿನ ಮೆಟ್ರೋದಲ್ಲೂ ಹಾಕ್ತೀನಿ, ಯಾಕಂದರೆ ಆ ಬೋಗಿಯಿಂದ ಹಾಸನದ ಮನೆಯ ಪಡಸಾಲೆಗೆ ನಾನೇ ಸೇತುವೆ. ಉಳಿದ ಹೊತ್ತು ಗಾಳಿ, ಬಿಸಿಲು, ನಗು.

ನಿಮಗೆ ಇಷ್ಟೂ ಬೇಡ ಅನ್ನಿಸಿದರೆ ಬಿಡಿ. ಒಂದನ್ನು ಮಾತ್ರ ಕೇಳ್ತೀನಿ. ಮುಂದಿನ ಸಲ ಲಿಫ್ಟಿನಲ್ಲೋ, ಮದುವೆ ಮನೆಯಲ್ಲೋ ಯಾರಾದರೂ ಮಾಸ್ಕ್ ಹಾಕಿ ನಿಂತಿದ್ದರೆ, "ಇನ್ನೂ ಯಾಕ್ರೀ?" ಅಂತ ಕೇಳಬೇಡಿ. ಅವರಿಗೆ ಕಿಮೋಥೆರಪಿ ನಡೀತಿರಬಹುದು, ಮನೆಯಲ್ಲಿ ಹಸುಗೂಸು ಇರಬಹುದು, ಬರೀ ಧೂಳಿನ ಅಲರ್ಜಿ ಇರಬಹುದು. ಸುಮ್ಮನೆ "ಊಟ ಆಯ್ತಾ?" ಅನ್ನಿ. ನವೆಂಬರಿನಲ್ಲಿ ನನ್ನ ತಂಗಿಯ ಮದುವೆ ಇದೆ. ಧಾರೆ ಎರೆಯೋಕೆ ಅಪ್ಪ ಛತ್ರಕ್ಕೆ ಬರಲೇಬೇಕು.