ನಲವತ್ತು ದಿನ ಎತ್ತಿಟ್ಟ ಪದ

ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಒಂದು ಬುಧವಾರ ನಿಮ್ಮ ಮಗು ಶಾಲೆಯಿಂದ ಬಂದು, "ಅಮ್ಮಾ, ನಮ್ಮ ಟೀಚರ್ ಹಣೆ ಮೇಲೆ ಕಪ್ಪಗೆ ಏನೋ ಇತ್ತು. ಅಜ್ಜನ ತರ ವಿಭೂತಿನಾ?" ಎಂದು ಕೇಳಬಹುದು. ನಮ್ಮ ಮಗಳು ಎರಡನೇ ಕ್ಲಾಸಿನಲ್ಲಿ ಕೇಳಿದಾಗ ನಾನು ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟುಬಿಟ್ಟೆ. ಆಮೇಲೆ ಪಿಚ್ಚೆನಿಸಿತು. ಬೂದಿ, ಉಪವಾಸ, ವ್ರತ: ಬೇಕಾದ ಪದಗಳೆಲ್ಲ ಕನ್ನಡದಲ್ಲೇ ಇದ್ದವು. ಕರ್ನಾಟಕದ ಕ್ರೈಸ್ತರು ಆ ದಿನವನ್ನು ವಿಭೂತಿ ಬುಧವಾರ ಎಂದೂ, ಅಲ್ಲಿಂದ ಶುರುವಾಗುವ ಲೆಂಟ್ ಅನ್ನು ತಪಸ್ಸು ಕಾಲ ಎಂದೂ ಕರೆಯುತ್ತಾರೆ. ಮಗಳು ತಪ್ಪು ಹೇಳಿರಲಿಲ್ಲ.

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದಿದ್ದರೆ ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬನ್ನಿ. ಬಾರ್ಟ್‌ನಲ್ಲಿ ಸಿವಿಕ್ ಸೆಂಟರ್‌ಗೆ ಬಂದಿಳಿದು ಸುಮಾರು ಒಂದು ಮೈಲಿ ನಡೆದರೆ ಓಫ್ಯಾರಲ್ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚ್ ಸಿಗುತ್ತದೆ. ಈ ಸಭೆಯ ಮೂಲ 1849ರ ಚಿನ್ನದ ಹುಚ್ಚಿನ ಕಾಲದ ಜರ್ಮನ್ ವಲಸಿಗರದು. ಈಗಿನ ಕಟ್ಟಡ 1895ರದು. 1906ರ ಭೂಕಂಪ, ಬೆಂಕಿ ಎರಡನ್ನೂ ದಾಟಿ ಉಳಿದಿದೆ.

ಲೂಥರನ್ ಚರ್ಚುಗಳಲ್ಲಿ ಲೆಂಟ್ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದ ತಾಳೆಗರಿಗಳನ್ನು ಸುಟ್ಟ ಬೂದಿಯಿಂದ ಪಾದ್ರಿ ಹಣೆಯ ಮೇಲೆ ಶಿಲುಬೆ ಬರೆಯುತ್ತಾರೆ. ನಾವು ಮಣ್ಣಿನವರು, ಮಣ್ಣಿಗೇ ಹೋಗುವವರು ಎಂದು ನೆನಪಿಸುತ್ತಾರೆ. ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. ಪೀಠಕ್ಕೆ ನೇರಳೆ ಬಟ್ಟೆ. ಹಲವೆಡೆ ಬುಧವಾರ ಸಂಜೆ ಎಲ್ಲರೂ ಕೂಡಿ ಸೂಪು, ಬ್ರೆಡ್ಡಿನ ಸರಳ ಊಟ ಮಾಡಿ ಪ್ರಾರ್ಥನೆಗೆ ಕೂರುತ್ತಾರೆ. ಉಪವಾಸ ಕಡ್ಡಾಯವಲ್ಲ. ಉಪವಾಸ ಮಾಡಿ ದೇವರ ಕೃಪೆ ಗಳಿಸಲಾಗದು ಎಂದು ಹಟ ಹಿಡಿದವರೇ ಮಾರ್ಟಿನ್ ಲೂಥರ್. ಆದರೂ ಚಾಕೊಲೇಟೋ ಫೋನೋ ಏನಾದರೊಂದನ್ನು ಬಿಡುವವರು ಬಹಳ. ಕೊನೆಯ ವಾರದ ಗುರುವಾರ ರಾತ್ರಿ ಪೀಠದ ಮೇಲಿನದೆಲ್ಲ ತೆಗೆದು ಬರಿದು ಮಾಡುತ್ತಾರೆ. ಮರುದಿನ ಶುಭ ಶುಕ್ರವಾರ.

ಮಕ್ಕಳಿಗೆ ತುಂಬ ಹಿಡಿಸುವುದು ಇನ್ನೊಂದು ಪದ್ಧತಿ. ಲೆಂಟ್ ಮುಗಿಯುವವರೆಗೆ 'ಅಲ್ಲೆಲೂಯ' ಎಂಬ ಪದವನ್ನು ಹಾಡುವುದಿಲ್ಲ. ಕೆಲವು ಚರ್ಚುಗಳಲ್ಲಿ ಮಕ್ಕಳೇ ಅದನ್ನು ಕಾಗದದ ಮೇಲೆ ಬಣ್ಣಬಣ್ಣವಾಗಿ ಬರೆದು, ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಈಸ್ಟರ್ ಬೆಳಿಗ್ಗೆ ಅದನ್ನು ಹೊರತೆಗೆದು ಎಲ್ಲರೂ ಗಟ್ಟಿಯಾಗಿ ಹಾಡುತ್ತಾರೆ.

ಇದನ್ನು ಹೇಳಿದಾಗ ಮಗಳು ಕೇಳಿದಳು: "ಈಸ್ಟರ್ ಹೊತ್ತಿಗೆ ಮರೆತುಹೋದ್ರೆ?" ನನಗೆ ನೆನಪಾಗಿದ್ದು ನಮ್ಮ ಮನೆ. ಅಜ್ಜಿ ಆರು ತಿಂಗಳಿದ್ದು ಊರಿಗೆ ಮರಳಿದ ಮೇಲೆ "ಉಂಡ್ಯಾ?", "ಹುಷಾರು ಮಗಾ" ಎಂಬ ಮಾತುಗಳು ಕೇಳಿಸುವುದೇ ನಿಂತಿತ್ತು. ಅವನ್ನು ಯಾರೂ ಬೇಕೆಂದು ಎತ್ತಿಟ್ಟಿರಲಿಲ್ಲ, ಹಾಗಾಗಿ ಹೊರತೆಗೆಯುವ ದಿನವೂ ಇರಲಿಲ್ಲ. ಆ ಜರ್ಮನ್ ವಲಸಿಗರು ಪ್ರಾರ್ಥಿಸುತ್ತಿದ್ದದ್ದು ಜರ್ಮನ್‌ನಲ್ಲಿ. ಇವತ್ತು ಅಲ್ಲಿ ಆರಾಧನೆ ಇಂಗ್ಲಿಷಿನಲ್ಲಿ. ಹಬ್ಬ ಉಳಿಯಿತು, ಮನೆಮಾತು ಉಳಿಯಲಿಲ್ಲ.

ನಾವೂ ಒಂದು ಡಬ್ಬಿ ಇಟ್ಟಿದ್ದೇವೆ. ಫೋನಿನಲ್ಲಿ ಅಜ್ಜಿ ಆಡಿದ ಪದವೊಂದನ್ನು ಮಗಳು ವಾರಕ್ಕೊಮ್ಮೆ ಚೀಟಿಯಲ್ಲಿ ಬರೆದು ಹಾಕುತ್ತಾಳೆ. ಯುಗಾದಿಯ ದಿನ ಡಬ್ಬಿ ತೆರೆದು, ಒಂದೊಂದನ್ನೂ ಬಳಸಿ ಅಜ್ಜಿಯ ಜೊತೆ ಮಾತಾಡುತ್ತಾಳೆ. ನೀವೂ ಮಾಡಿ ನೋಡಿ, ಖರ್ಚಿಲ್ಲ.

ಚರ್ಚಿಗೆ ಹೋಗುವುದಾದರೆ ಮೊದಲೇ ಸಮಯ ವಿಚಾರಿಸಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು, ಬೂದಿ ಹಚ್ಚಿಸಿಕೊಳ್ಳಲೇಬೇಕೆಂದಿಲ್ಲ. ಬರುವ ದಾರಿಯಲ್ಲಿ ಮಗು ಪ್ರಶ್ನೆ ಕೇಳಿದರೆ, ಈ ಸಲ ಕನ್ನಡದಲ್ಲೇ ಉತ್ತರಿಸಿ.