ಹೈಕೋರ್ಟಿನ ಹಿಂದೆ ನಿಂತ ದಿವಾನರು

ಒಡೆಯರಪಾಳ್ಯದಿಂದ ಬೆಳಗಿನ ಬಸ್ಸು ಹತ್ತಿದ್ದೀರಿ. ಮುಂದಿನ ಸೀಟಿನಲ್ಲಿ ಟಿಬೆಟನ್ ಅಜ್ಜಿಯೊಬ್ಬರು ಜಪಮಾಲೆ ಎಣಿಸುತ್ತಿದ್ದಾರೆ; ಕಿಟಕಿಯಾಚೆ ಮುಸುಕಿನ ಜೋಳದ ಹೊಲ. ಲೊಕ್ಕನಹಳ್ಳಿ, ಕೊಳ್ಳೇಗಾಲ ಕಳೆದು ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಬಂತು. ಬೆಂಗಳೂರಿನ ಅವಸರ ಎಷ್ಟೇ ಇರಲಿ, ಹೊಳೆ ದಾಟಿ ಶಿವನಸಮುದ್ರದ ಬ್ಲಫ್‌ನಲ್ಲಿ ಇಳಿಯಿರಿ. ಅಲ್ಲಿನ ಪವರ್‌ಹೌಸನ್ನು ನೋಡದೆ ಕಬ್ಬನ್ ಪಾರ್ಕಿನ ಕಂಚಿನ ಪ್ರತಿಮೆಯ ಮುಂದೆ ನಿಂತರೆ, ಅದು ಪೇಟ ತೊಟ್ಟ ಮತ್ತೊಬ್ಬ ದೊಡ್ಡ ಮನುಷ್ಯರ ವಿಗ್ರಹ, ಅಷ್ಟೆ.

ಕಣಿವೆಯ ಅಂಚಿಗೆ ಬಂದು ಬಗ್ಗಿ ನೋಡಿ. ಆಳು ನುಗ್ಗುವಷ್ಟು ದಪ್ಪದ ಕೊಳವೆಗಳು ಕಡಿದಾದ ಇಳಿಜಾರಿನಲ್ಲಿ ಪವರ್‌ಹೌಸಿಗೆ ಧುಮುಕಿವೆ. ಯೋಜನೆ ಹಾಕಿದವರು ಎಂಜಿನಿಯರ್ ಡಿ ಲಾಟ್‌ಬಿನಿಯರ್. ಬೆನ್ನಿಗೆ ನಿಂತವರು ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್. 1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ಕರೆಂಟು ಸುಮಾರು 147 ಕಿ.ಮೀ. ತಂತಿಯಲ್ಲಿ ಓಡಿ ಕೋಲಾರದ ಚಿನ್ನದ ಗಣಿಯ ಯಂತ್ರ ತಿರುಗಿಸಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಾವು ದಾಟಿ ಬಂದ ದಡದ ಕೊಳ್ಳೇಗಾಲವೋ, ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮೈಸೂರಿಗೆ ಸೇರಲು 1956 ಆಗಬೇಕಾಯಿತು. ಕಣ್ಣೆದುರಿನ ಹೊಳೆ, ಪರಸೀಮೆಯ ಬೆಳಕು!

ಈಗ ಕಬ್ಬನ್ ಪಾರ್ಕ್. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯದ ಎದುರು, ಎತ್ತರದ ಪೀಠದ ಮೇಲೆ ಅವರೇ ನಿಂತಿದ್ದಾರೆ. ಮುಖ ಕಾಣಬೇಕಾದರೆ ಕತ್ತು ಎತ್ತಲೇಬೇಕು. ಮೊದಲು ಕಣ್ಣಿಗೆ ಬೀಳುವುದು ಪೇಟ, ಉದ್ದನೆಯ ಉಡುಪು. ಮಳೆಬಿಸಿಲಿಗೆ ಕಂದಿದ ಕಂಚು. ಮಡಿಕೆಗಳ ಒಳಗೆ ಬಣ್ಣ ಇನ್ನೂ ಗಾಢ. ಇಂಗ್ಲೆಂಡಿನ ಶಿಲ್ಪಿ ರಾಬರ್ಟ್ ಕೋಲ್ಟನ್ ಕೈಕೆಲಸವಿದು. 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದರು. ನನ್ನನ್ನು ಕೇಳಿದರೆ ಗತ್ತು ಒಂದು ತೂಕ ಹೆಚ್ಚೇ ಆಯಿತು. ಆದರೂ ಹದಿನೆಂಟು ವರ್ಷ ದಿವಾನಗಿರಿ ಮಾಡಿ, ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳನ್ನು ಹಾಕಿಸಿ, ಹೆಸರಘಟ್ಟದ ನೀರನ್ನು ಊರಿಗೆ ತರಿಸಿದವರಿಗೆ ಅಷ್ಟು ಗತ್ತು ಸಲ್ಲಬೇಕಾದ್ದೇ. ಆಧುನಿಕ ಬೆಂಗಳೂರಿನ ಶಿಲ್ಪಿ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

ಪಾಲಕ್ಕಾಡಿನ ಕಡೆಯಿಂದ ಬಂದ ಈ ಮನುಷ್ಯ ತೀರಿಕೊಂಡದ್ದು 1901ರ ಸೆಪ್ಟೆಂಬರ್‌ನಲ್ಲಿ. ಶಿವನಸಮುದ್ರದ ಕರೆಂಟು ಗಣಿ ತಲುಪಲು ಇನ್ನೂ ಒಂಬತ್ತು ತಿಂಗಳಿತ್ತು.

ಕೊಳ್ಳೇಗಾಲ, ಹನೂರಿನ ಕಡೆಯವರು ಕೇಸು ಅಂತ ಹೈಕೋರ್ಟಿಗೆ ಬಂದರೆ ಅದರ ಹಿಂಬದಿಗೂ ಒಮ್ಮೆ ನಡೆದು ಬನ್ನಿ. ದೂರವೇನಿಲ್ಲ, ಟಿಕೆಟ್ಟೂ ಇಲ್ಲ.